ಲಯನ್ ಫಿಶ್ ಸಾಕುವ ಆಸೆ ಇದ್ದರೆ ಟಿಳಕವಾಡಿಯ ಈ ಅಂಗಡಿ ನೋಡಿ

ಬೆಳಗಾವಿಯಲ್ಲಿ ಗೋಲ್ಡ್ ಫಿಶ್, ಗಪ್ಪಿ ಮಾರುವ ಅಂಗಡಿಗಳಿಗೆ ಬರ ಇಲ್ಲ. ಉಪ್ಪುನೀರಿನ ಮೀನು ಅಂದರೆ ಮಾತ್ರ ಹೆಚ್ಚಿನವರು ಇಲ್ಲ ಅಂತ ಕೈ ಆಡಿಸಿಬಿಡುತ್ತಾರೆ. ಟಿಳಕವಾಡಿ ಸೆಕೆಂಡ್ ಗೇಟ್ ಕಡೆಯ ಈ ಪುಟ್ಟ ಅಂಗಡಿಯಲ್ಲಿ ಸಿಗುತ್ತವೆ. ವಿಷದ ಮುಳ್ಳಿನ ಸಮುದ್ರ ಮೀನು ಲಯನ್ ಫಿಶ್ ನಾನು ತಂದಿದ್ದು ಇಲ್ಲಿಂದಲೇ.

ಮೊದಲು ಕಣ್ಣು ಬಿದ್ದಿದ್ದು ಪ್ಯಾಂಥರ್ ಗ್ರೂಪರ್ ಮೇಲೆ. ಬಿಳಿ ಮೈ, ಕಪ್ಪು ಚುಕ್ಕೆ, ಬೆರಳುದ್ದದ ಮರಿ. ಮಾಲೀಕರು ಸುಮ್ನೆ ಬಿಲ್ ಹಾಕಬಹುದಿತ್ತು. ಹಾಕಲಿಲ್ಲ. "ಸರ, ಈಗ ಛಂದ ಕಾಣತೈತ್ರಿ. ಮುಂದ ಎರಡು ಫೂಟ್ ದಾಟತೈತಿ. ನಿಮ್ಮ ಟ್ಯಾಂಕಿನ್ಯಾಗ ತಿರುಗಾಕೂ ಜಾಗಾ ಸಾಲಂಗಿಲ್ಲ" ಅಂದರು. ನಿಜವೇ, ಅದು 70 ಸೆಂ.ಮೀ. ತನಕ ಬೆಳೆಯುವ ಮೀನು. ಲಯನ್ ಫಿಶ್ ಒಂದಡಿ ದಾಟಿ ಸ್ವಲ್ಪದರಲ್ಲೇ ನಿಲ್ಲುತ್ತದೆ, ಜಾಸ್ತಿ ಓಡಾಡುವುದೂ ಇಲ್ಲ.

ನನಗೆ ತುಂಬಾ ಹಿಡಿಸಿದ್ದು ಮುಂದಿನದು. ದುಡ್ಡು ಕೊಡುವ ಮೊದಲು ಮೀನು ತಿನ್ನುವುದನ್ನು ನೋಡಿ ಅಂದರು. ಪಾರದರ್ಶಕ ಕಡ್ಡಿಯ ತುದಿಗೆ ಸತ್ತ ಸೀಗಡಿಯ ತುಂಡು ಸಿಕ್ಕಿಸಿ ನೀರಲ್ಲಿ ಮೆಲ್ಲಗೆ ಅಲ್ಲಾಡಿಸಿದರು. ಲಯನ್ ಫಿಶ್ ಎರಡೂ ಬದಿಯ ರೆಕ್ಕೆ ಅಗಲಿಸಿ, ತುಂಡನ್ನು ಮೂಲೆಗೆ ಒತ್ತಿಕೊಂಡು ಬಂತು. ಒಂದು ಕ್ಷಣ ಗಕ್ಕನೆ ನಿಂತಿತು. ಆಮೇಲೆ ತುಂಡು ಇರಲೇ ಇಲ್ಲ! ಬಾಯಿ ತೆರೆದಿದ್ದೂ ನನಗೆ ಕಾಣಲಿಲ್ಲ.

ಇದು ಬರೀ ಆಟ ಅಲ್ಲ. ಜೀವಂತ ಮೀನಿಗೇ ಒಗ್ಗಿಹೋದ ಲಯನ್ ಫಿಶ್ ಮನೆಗೆ ಬಂದರೆ ದಿನಾ ಗೋಲ್ಡ್ ಫಿಶ್ ಹಾಕುತ್ತಾ ಕೂರಬೇಕು. ಗೋಲ್ಡ್ ಫಿಶ್‌ನಲ್ಲಿ ವಿಟಮಿನ್ ಬಿ1 ಕೆಡಿಸುವ ಥಯಾಮಿನೇಸ್ ಇರುತ್ತದೆ. ಅದನ್ನೇ ತಿಂದು ತಿಂದು ಮೀನು ಸೊರಗುತ್ತದೆ. ಸೀಗಡಿಯನ್ನೂ ಒಂದೇ ಸಮನೆ ಕೊಡಬಾರದಂತೆ, ಮೀನಿನ ತುಂಡು, ಸ್ಕ್ವಿಡ್ ಬದಲಿಸಿ ಬದಲಿಸಿ ಹಾಕಬೇಕು. ಗೋವಾ ಕಡೆಯಿಂದ ಊರಿಗೆ ಮೀನು ಬರುತ್ತದಲ್ವಾ, ಆ ಚಿಂತೆ ಇಲ್ಲ.

ಟ್ಯಾಂಕ್ ಕೂರಿಸಿದ್ದೂ ಇವರೇ. ನಾಲ್ಕಡಿ ಉದ್ದ, ಅಗಲ ಎತ್ತರ ಎರಡೆರಡು ಅಡಿ, ಹೆಚ್ಚುಕಡಿಮೆ 450 ಲೀಟರ್. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಮೊದಲ ಸಲಕ್ಕೇ 15-16 ಕೆಜಿ ಮರೀನ್ ಸಾಲ್ಟ್ ಬೇಕು. ಅಡುಗೆ ಉಪ್ಪು ನಡೆಯುವುದಿಲ್ಲ. ಹುಡುಗರು ಮಟ್ಟಗೋಲು ಹಿಡಿದು ಸ್ಟ್ಯಾಂಡ್ ನೋಡಿ, ಗಾಜಿನ ಕೆಳಗೆ ಥರ್ಮಾಕೋಲ್ ಹಾಸಿದರು. ಅಚ್ಚುಕಟ್ಟು ಕೆಲಸ. ನೀರು ಆವಿಯಾದಾಗ ಬರೀ ಆರ್‌ಒ ನೀರು ಸೇರಿಸಿ, ಉಪ್ಪು ಎಲ್ಲೂ ಹೋಗಿರುವುದಿಲ್ಲ ಅಂತ ಹೇಳಿಕೊಟ್ಟರು. ಲಯನ್ ಫಿಶ್ ತಿನ್ನುವುದು ಜಾಸ್ತಿ, ಗಲೀಜೂ ಅಷ್ಟೇ. ದೊಡ್ಡ ಪ್ರೊಟೀನ್ ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಗಲೀಜು ತೆಗೆಯುವ ಸಾಧನ) ಹಾಕಿಸಿ ಅಂದಾಗ ದುಡ್ಡು ಕೀಳಲು ಅಂದುಕೊಂಡಿದ್ದೆ. ಅದರ ಕಪ್‌ನಲ್ಲಿ ತುಂಬುವ ಕಂದು ರಾಡಿ ನೋಡಿದರೆ ಮಾತೇ ಹೊರಡುವುದಿಲ್ಲ.

ಇನ್ನು ದೂರುಗಳು. ಯಾವ ವಸ್ತುವಿಗೂ ಬೆಲೆ ಚೀಟಿ ಇಲ್ಲ. ಚೌಕಾಸಿ ಬಾರದವರು ಜೊತೆಗೆ ಯಾರನ್ನಾದರೂ ಕರಕೊಂಡು ಹೋಗಿ. ಮಧ್ಯಾಹ್ನ ಹೋದರೆ ಶಟರ್ ಇಳಿದಿರುತ್ತದೆ. ಇದೆಲ್ಲ ಸಹಿಸಬಹುದು. ಪ್ಯಾಕಿಂಗ್ ಮಾತ್ರ ತಪ್ಪು. ಬೆನ್ನ ಮೇಲೆ 13 ವಿಷದ ಮುಳ್ಳಿರುವ ಮೀನನ್ನು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೈಗಿತ್ತರು. ನಾನೇ ಮುಚ್ಚಳದ ಡಬ್ಬಿ ಕೇಳಿ, ಚೀಲವನ್ನು ಅದರೊಳಗೆ ಇಡಿಸಿಕೊಂಡೆ. ಚುಚ್ಚಿದರೆ ಏನು ಮಾಡಬೇಕು ಅಂತಲೂ ಯಾರೂ ಹೇಳಲಿಲ್ಲ. ಹೇಳಬೇಕಿತ್ತು: ಚರ್ಮ ತಡೆಯುವಷ್ಟು ಬಿಸಿ, ಅಂದರೆ 45 ಡಿಗ್ರಿ ಮೀರದ ನೀರಲ್ಲಿ ಕೈ ಅದ್ದಿದರೆ ನೋವು ಇಳಿಯುತ್ತದೆ, ಆಮೇಲೆ ಸೀದಾ ಡಾಕ್ಟರ್ ಹತ್ತಿರ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿತ ಆ ಚೀಲಕ್ಕೆ. ಮೊನ್ನೆ ಸ್ನೋಫ್ಲೇಕ್ ಈಲ್ ಕೇಳಲು ಹೋಗಿದ್ದೆ, ಸಂದಿ ಸಿಕ್ಕರೆ ಟ್ಯಾಂಕಿನಿಂದ ಜಾರಿಬಿಡುವ ಹಾವಿನಂಥ ಮೀನು ಅದು. "ಮೊದಲು ಟ್ಯಾಂಕಿಗೆ ಸಂದಿಲ್ಲದ ಮುಚ್ಚಳ ಮಾಡಿಸ್ರಿ, ಆಮ್ಯಾಲ ಬರ್ರಿ" ಅಂತ ವಾಪಸ್ ಕಳಿಸಿದರು. ಗಾಜಿನವನಿಗೆ ಅಳತೆ ಕೊಟ್ಟಿದ್ದೇನೆ.