ಏರ್ ಇಂಟೇಕ್ ಹಾಕಿದ್ರ ಪಿಕಪ್ ಬರ್ತೈತಿ ಅಂದ್ರ ನಂಬಿ ರೊಕ್ಕಾ ಕೊಡಬ್ಯಾಡ್ರಿ

ಬೆಳಗಾವಿ, ಬಾಗಲಕೋಟಿ, ವಿಜಾಪುರ ಕಡೆ ಕಾರ್ ಇದ್ದವರು, ಕೋನ್ ಫಿಲ್ಟರ್ ಕಿಟ್ (ಎಂಜಿನ್ನಿಗೆ ಗಾಳಿ ಸೋಸಿ ಬಿಡೂ ಕಂಪನಿ ಡಬ್ಬಿ ತಗದು ಆ ಜಾಗಾಕ್ಕ ಹಾಕೂ ಶಂಕು ಆಕಾರದ ಬಯಲ ಫಿಲ್ಟರ್, ಪೈಪ್) ಹಾಕ್ಸಾಕ ಹೊಂಟಿದ್ರ ಮೊದಲ ಇದನ್ನ ಓದ್ರಿ. ನಾನೂ ಹಾಕ್ಸಿದ್ದೆ. ಬೆಳಗಾವ್ಯಾಗ ಒಂದ ಅಂಗಡ್ಯಾಗ ಕಿಟ್ಟಿಗೆ 6,500, ಫಿಟಿಂಗಿಗೆ 800, ಒಟ್ಟ 7,300 ರೂಪಾಯಿ ಹೋತು. ಬಿಲ್ ಸುದ್ದಾ ಇಲ್ಲ, ಚೀಟಿ ಮ್ಯಾಲ ಬರ್ದು ಕೊಟ್ರು. ಗಾಡಿ 1.2 ಲೀಟರ್ ಪೆಟ್ರೋಲ್, ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬೂ ಪಂಪ್) ಇಲ್ಲ, ಕಂಪನಿ ಹೇಳೂ ಎಂಜಿನ್ ಶಕ್ತಿ 83 ಬಿಎಚ್‌ಪಿ. ಅಂಗಡಿಯವರ ಮಾತು: "ಎಂಟ್ಹತ್ತು ಎಚ್‌ಪಿ ಗ್ಯಾರಂಟಿ ಬರ್ತೈತ್ರಿ ಸರ್, ಮೈಲೇಜ್ ಬ್ಯಾರೆ ಎರಡ ಕಿಲೋಮೀಟರ್ ಜಾಸ್ತಿ."

ಎಂಟ್ಹತ್ತು ಎಚ್‌ಪಿ! ಬರಾಕ ಸಾಧ್ಯನ ಇಲ್ಲ. ಯಾಕಿಲ್ಲ ಅಂತ ಲೆಕ್ಕಾ ಹಾಕಿ ತೋರಸ್ತೀನಿ.

ಒಬಿಡಿ ಡಾಂಗಲ್ (ಗಾಡಿ ಸೆನ್ಸರ್ ರೀಡಿಂಗ್ ಮೊಬೈಲಿಗೆ ಕಳಸೂ ಸಣ್ಣ ಯಂತ್ರ) ಹಚ್ಚಿ, ಮೊಬೈಲ್‌ನ್ಯಾಗ ಮ್ಯಾಪ್ ಸೆನ್ಸರ್ (ಎಂಜಿನ್ನಿಗೆ ಹೋಗೂ ಗಾಳಿ ಒತ್ತಡ ಅಳಿಯೂದು) ರೀಡಿಂಗ್ ತಗೀರಿ. ಕೀ ಆನ್, ಎಂಜಿನ್ ಆಫ್ ಇದ್ದಾಗ ಅದು ತೋರಸೂದು ಹೊರಗಿನ ಗಾಳಿ ಒತ್ತಡ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಾಗ ಐತಿ, ಅದಕ್ಕ ಸಮುದ್ರಮಟ್ಟದ 101 ಅಲ್ಲ, 92-93 ಕಿಲೋಪಾಸ್ಕಲ್ ಬರ್ತೈತಿ. ಆಮ್ಯಾಲ ಖಾಲಿ ರಸ್ತೆದಾಗ ಎಕ್ಸಲರೇಟರ್ ಪೂರ್ತಿ ಒತ್ತಿ 5000 ಆರ್‌ಪಿಎಂಗೆ ನೋಡ್ರಿ (ಬಾಜೂ ಕುಂತವರು ನೋಡ್ಲಿ, ನೀವ್ ರಸ್ತಾ ನೋಡ್ರಿ). ಕಂಪನಿ ಡಬ್ಬಿ, ಕಂಪನಿ ಪೇಪರ್ ಫಿಲ್ಟರ್ ಇದ್ದಾಗ 93ಕ್ಕ ಬಂದಿದ್ದು 91. ಅಂದ್ರ ಮೂತಿ ಪೈಪ್, ಫಿಲ್ಟರ್, ಡಬ್ಬಿ, ಥ್ರಾಟಲ್ ಎಲ್ಲಾ ಕೂಡಿ ತಿನ್ನೂದು ಎರಡ ಕಿಲೋಪಾಸ್ಕಲ್. ಅಷ್ಟೂ ಉಳಿಸಿದ್ರೂ 2% ಗಾಳಿ, 83ರಾಗ ಎರಡ ಎಚ್‌ಪಿನೂ ಆಗೂದಿಲ್ಲ. ಹತ್ತು ಎಲ್ಲಿಂದ ಬರಬೇಕು?

ಕೋನ್ ಹಾಕಿದ ಮ್ಯಾಲ ಅದ ಜಾಗಾ, ಅದ ಗೇರ್: 92. ಒಂದ ಅಂಕಿ! ಏಳು ಸಾವಿರದ ಮುನ್ನೂರು ರೂಪಾಯಿಗೆ ಒಂದ ಅಂಕಿ. ಮೊಬೈಲ್ ನೋಡಿ ಮೈ ಉರಿದು ಹೋತು. ಇದನ್ನ ಮೊದಲ ಅಳೀಬೇಕಿತ್ತು. ಎಲ್ಲಾ ಗೊತ್ತಿದ್ದೂ ಅಂಗಡಿ ಮುಂದ ಆವಾಜ್ ಕೇಳಿ ಮರುಳಾಗಿದ್ದಕ್ಕ ನಾಚಿಕಿ ಬರ್ತೈತಿ.

ಆ ಒಂದ ಅಂಕಿನೂ ಬಿಸಿ ಗಾಳಿ ತಿಂದು ಹಾಕ್ತು. ಕಂಪನಿ ಡಬ್ಬಿ ಮೂತಿ ಗ್ರಿಲ್ ಹಿಂದ ಇರ್ತೈತಿ, ಹೊರಗಿನ ಗಾಳಿ ಎಳೀತೈತಿ. ಕೋನ್ ಕುಂತಿದ್ದು ರೇಡಿಯೇಟರ್ ಫ್ಯಾನ್ ಹಿಂದ. ಹೊರಗ 34 ಡಿಗ್ರಿ, ಎಸಿ ಹಚ್ಚಿ ಸಿಗ್ನಲ್‌ನ್ಯಾಗ ನಾಕ ನಿಮಿಷ ನಿಂತ್ರ ಒಳಗ ಹೋಗೂ ಗಾಳಿ ಕಂಪನಿ ಡಬ್ಬ್ಯಾಗ 50, ಕೋನ್‌ನ್ಯಾಗ 66. ಹತ್ತು ಡಿಗ್ರಿ ಏರಿದ್ರ ಗಾಳಿ ಸುಮಾರು 3% ತೆಳ್ಳಗಾಗ್ತೈತಿ. ಅಂದ್ರ 16 ಡಿಗ್ರಿಗೆ ಹತ್ರಹತ್ರ 5% ಹೋತು. ಮ್ಯಾಲ ಗಾಳಿ ಬಿಸಿ ಅದ ಅಂತ ಇಸಿಯು (ಎಂಜಿನ್ ನಡಸೂ ಕಂಪ್ಯೂಟರ್) ಕಿಡಿ ಹೊತ್ತಸೂ ಟೈಮಿಂಗ್ ಹಿಂದ ಎಳೀತೈತಿ, ನಾಕಿಂಗ್ (ಪೆಟ್ರೋಲ್ ತಾನಾಗೇ ಹೊತ್ತಿ ಎಂಜಿನ್ ಬಡಿಯೂದು) ಆಗಬಾರದು ಅಂತ. ಏಪ್ರಿಲ್‌ನ್ಯಾಗ ವಿಜಾಪುರದ ಬಿಸಲಿಗೆ ಏನಾಗ್ತೈತಿ ನೀವ ಲೆಕ್ಕಾ ಹಾಕ್ರಿ. ಮೂರನೇ ಗೇರಿನ್ಯಾಗ 40ರಿಂದ 80ಕ್ಕ, ಹೋಗ್ತ ಮೂರು ಸಲ, ಬರ್ತ ಮೂರು ಸಲ ಅಳದಿದ್ದು: ಕಂಪನಿ ಡಬ್ಬಿ ಸರಾಸರಿ 9.6 ಸೆಕೆಂಡ್, ಕೋನ್ 9.8. ಫರಕ್ ಇಲ್ಲ. ಪಿಕಪ್ ಬಂದಂಗ ಅನಿಸೂದು ಆವಾಜಿನಿಂದ. ಆವಾಜ್ ತಡಿಯೂ ರೆಸೊನೇಟರ್ ಡಬ್ಬಿ ತಗದು ಒಗದಿರ್ತಾರ, ಅಷ್ಟ.

ಇದನ್ನೆಲ್ಲಾ ತೋರ್ಸಿದ್ರ ಅಂಗಡಿಯವರ ಉತ್ತರಾ ಕೇಳ್ರಿ.

"ಇಸಿಯು ಕಲಿಯಾಕ 500 ಕಿಲೋಮೀಟರ್ ಬೇಕ್ರಿ." 900 ಓಡಿತ್ತು. ಇಸಿಯು ಕಲಿಯೂದು ಇಂಧನದ ಹೊಂದಾಣಿಕಿ, 14.7 ಪಾಲು ಗಾಳಿಗೆ ಒಂದ ಪಾಲು ಪೆಟ್ರೋಲ್ ಕೂಡ್ಸೂದು. ಇಲ್ಲದ ಗಾಳಿ ಅದು ಹುಟ್ಸೂದಿಲ್ಲ.

"ಮೊಬೈಲ್ ನಂಬಬ್ಯಾಡ್ರಿ, ಕಿವಿ ನಂಬ್ರಿ."

"ಫಿಟ್ ಮಾಡಿದ ಮ್ಯಾಲ ರಿಟರ್ನ್ ಇಲ್ರಿ. ಬೇಕಾದ್ರ ರೀಮ್ಯಾಪ್ ಮಾಡಸ್ರಿ, 18 ಸಾವಿರ, ಆಮ್ಯಾಲ ನೋಡ್ರಿ ಹೆಂಗ ಓಡ್ತೈತಿ." ರೀಮ್ಯಾಪ್ ಅಂದ್ರ ಇಸಿಯು ಒಳಗಿನ ಪ್ರೋಗ್ರಾಂ ಬದಲಿ ಮಾಡೂದು. ಮೊದಲಿನ ಸುಳ್ಳು ಮುಚ್ಚಾಕ ಎರಡನೇ ಬಿಲ್! ಇದಕ್ಕ ಸಿಟ್ಟು ಬರೂದು.

ಮೈಲೇಜಿನ ಮಾತೂ ಸುಳ್ಳ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 2009ರಾಗ ಪರೀಕ್ಷಾ ಮಾಡೈತಿ: ಇಂಜೆಕ್ಷನ್ ಇದ್ದ ಹೊಸಾ ಪೆಟ್ರೋಲ್ ಗಾಡ್ಯಾಗ ಫಿಲ್ಟರ್ ಗಾಳಿ ಸರಾಗ ಹೋಗದಂಗ ಕಟ್ಟಿಕೊಂಡಿದ್ರೂ ಮೈಲೇಜ್ ಕಡಿಮಿ ಆಗ್ಲಿಲ್ಲ, ಪೂರ್ತಿ ಒತ್ತಿದಾಗ ವೇಗ ಹಿಡಿಯೂದು ಮಾತ್ರ ನಿಧಾನ ಆತು. ಕಟ್ಟಿದ ಫಿಲ್ಟರ್ ಮೈಲೇಜ್ ಇಳಸೂದಿಲ್ಲ ಅಂದ್ರ ಗಾಳಿ ಸರಾಗ ಬಿಡೂ ಫಿಲ್ಟರ್ ಹೆಂಗ ಏರಸ್ತೈತಿ?

ಫಿಟಿಂಗ್ ಬ್ಯಾರೆ ಹಾಳ. ಹಳೆ ಡಬ್ಬಿಯ ತಾಪಮಾನ ಸೆನ್ಸರಿಗೆ ಹೊಸ ಪೈಪಿನ್ಯಾಗ ತೂತ ಇರಲಿಲ್ಲ, ಅದನ್ನ ವೈರಿಂಗಿಗೆ ಟ್ಯಾಗ್ ಹಾಕಿ ಕಟ್ಟಿದ್ರು. ಎಂಜಿನ್ ಪಕ್ಕದ ಬಿಸಿನ ಇಸಿಯುಗೆ ಹೇಳ್ತಿತ್ತು ಅದು. ತೂತ ಕೊರೆದು ರಬ್ಬರ್ ಗ್ರೊಮೆಟ್ ಹಾಕಿ ಒಳಗ ಕೂಡ್ರಿಸಿದ ಮ್ಯಾಲನ, ಮೊದಲ ಬರದ ಕೋನ್‌ನ ತಾಪಮಾನ ಅಳದಿದ್ದು. ಕ್ಲಾಂಪ್ ಅರ್ಧ ಬಿಗಿ. ಫಿಲ್ಟರ್ ದಾಟಿದ ಪೈಪಿನ ಒಳಗ ಬಿಳಿ ಅರಬಿಲೆ ಒರಸಿದ್ರ ಕೆಂಪು ಧೂಳು ಬಂತು. ಮುಧೋಳ, ಜಮಖಂಡಿ ಕಡೆ ಕಬ್ಬಿನ ಟ್ರ್ಯಾಕ್ಟರ್ ಹಿಂದ ಓಡ್ಸೂ ಗಾಡಿಗೆ ಇದು ವಿಷ. ಧೂಳಿನ್ಯಾಗ ಇರೂದು ಮಳಲು, ಸಿಲಿಂಡರ್ ಗೋಡಿ, ಪಿಸ್ಟನ್ ರಿಂಗ್ ಉಜ್ಜತೈತಿ, ಆಮ್ಯಾಲ ಗಾಡಿ ಆಯಿಲ್ ಕುಡಿಯಾಕ ಚಾಲೂ.

ಡೀಸೆಲ್ ಇದ್ದವರಿಗೆ ಇನ್ನೂ ಉಪಯೋಗಿಲ್ಲ. ಅಲ್ಲಿ ಶಕ್ತಿ ಬರೂದು ಎಷ್ಟ ಡೀಸೆಲ್ ಹೊಡದ್ರಿ ಅನ್ನೂದ್ರ ಮ್ಯಾಲ, ಟರ್ಬೊ ಒತ್ತಡಾನೂ ಇಸಿಯುನ ಕಾಯ್ತೈತಿ. ಎಣ್ಣಿ ಹಚ್ಚಿದ ಅರಬಿ ಫಿಲ್ಟರಿಗೆ ಎಣ್ಣಿ ಜಾಸ್ತಿ ಆದ್ರ ಅದು ಹಾರಿ, ಒಳಗ ಹೋಗೂ ಗಾಳಿ ಎಷ್ಟ ಅಂತ ಅಳಿಯೂ ಮಾಸ್ ಏರ್‌ಫ್ಲೋ ಸೆನ್ಸರಿಗೆ ಅಂಟ್ತೈತಿ, ರೀಡಿಂಗ್ ತಪ್ತೈತಿ, ಪಿ0101 ಕೋಡ್ ಬಂದು ಚೆಕ್ ಎಂಜಿನ್ ದೀಪ ಹತ್ತತೈತಿ. ಬಂಪರ್ ಕೆಳಗ ಫಿಲ್ಟರ್ ಇಳಿಸೂ ಕಿಟ್ ಅಂತೂ ಬೆಳಗಾವಿ, ಖಾನಾಪುರದ ಮಳಿಗಾಲಕ್ಕ ಬ್ಯಾಡ. ನೀರು ಎಳದ್ರ ಕನೆಕ್ಟಿಂಗ್ ರಾಡ್ ಬಾಗಿತು ಅಂತ ತಿಳೀರಿ.

ಟರ್ಬೊ ಪೆಟ್ರೋಲ್ ಗಾಡಿಗೆ ರೀಮ್ಯಾಪ್ ಮಾಡ್ಸಿ ಬೂಸ್ಟ್ (ಟರ್ಬೊ ಒತ್ತಡ) ಏರ್ಸಿದವರಿಗೆ ದೊಡ್ಡ, ಮುಚ್ಚಿದ ಡಬ್ಬಿಯ ಇಂಟೇಕ್ ಕೆಲಸಕ್ಕ ಬರ್ತೈತಿ. ಅದ ಬ್ಯಾರೆ ಮಾತು. ಉಳಿದವರು ಹೊಸಾ ಪೇಪರ್ ಫಿಲ್ಟರ್ ಹಾಕ್ರಿ, ಡಬ್ಬಿ ಕ್ಲಿಪ್ ಎಲ್ಲಾ ಕುಂತಾವೇನು ನೋಡ್ರಿ, ಮುಗೀತು.

ಹಂಗೂ ಹಾಕ್ಸಿದ್ರ ಹಳೆ ಡಬ್ಬಿ, ಮೂತಿ ಪೈಪ್, ಬೋಲ್ಟ್ ಅಂಗಡ್ಯಾಗ ಬಿಟ್ಟ ಬರಬ್ಯಾಡ್ರಿ. "ಇದು ಇನ್ನ ಯಾಕ ಬೇಕ್ರಿ, ಇಲ್ಲೇ ಇರ್ಲಿ" ಅಂತಾರ. ಡಿಕ್ಕ್ಯಾಗ ಹಾಕ್ಕೊಂಡ ಬರ್ರಿ. ಅದೊಂದ ಇದ್ದಿದ್ದಕ್ಕ ಗಾಡಿ ಮತ್ತ ಮೊದಲಿನಂಗ ಆಗೈತಿ.