ಅಪ್ಪೆಮಿಡಿ ಉಪ್ಪಿನಕಾಯಿ: ಸ್ವಂತ ಲೇಬಲ್ಲೋ, ಕಂಪನಿ ಲೇಬಲ್ಲೋ?

ಶಿರಸಿ ಕಡೆ ಮಿಡಿ (ಎಳೆ ಮಾವಿನಕಾಯಿ) ಉಪ್ಪಿನಕಾಯಿ ಹಾಕುವವರಿಗೆ ಖರ್ಚಿನಲ್ಲಿ ಕಂಪನಿಗೆ ಕೊಟ್ಟು ಅವರ ಹೆಸರಲ್ಲಿ ಮಾರುವ ದಾರಿಯೇ ಹಗುರ: ಬಾಟಲಿ, ಲೇಬಲ್, ಜಾಹೀರಾತು ಅವರದ್ದು. ಹಣ ಬರುವುದು ಮಾತ್ರ ತಡ. ಪಾವತಿಯ ಗಡುವನ್ನು ಕರಾರಿನಲ್ಲೇ ಬರೆಸಿಕೊಳ್ಳಿ. ಸ್ವಂತ ಹೆಸರಾದರೆ ವ್ಯಕ್ತಿಗೆ ಆನ್‌ಲೈನ್ ಟ್ರೇಡ್‌ಮಾರ್ಕ್ ಅರ್ಜಿಗೆ 4,500 ರೂಪಾಯಿ, ಉಪ್ಪಿನಕಾಯಿ ಸೇರುವ ಸರಕಿನ ವರ್ಗ 29. ನೋಂದಣಿ 10 ವರ್ಷ ನಿಮ್ಮದೇ.

ರುಚಿಯ ವಿಷಯ ಬೇರೆ. ಕಂಪನಿಗೆ ಎಲ್ಲ ಬಾಟಲಿಯೂ ಒಂದೇ ರುಚಿ ಇರಬೇಕು, ಹತ್ತಾರು ಮರಗಳ ಮಿಡಿ ಬೆರೆಸುತ್ತಾರೆ. ನಿಮ್ಮ ಮರದ ಜೀರಿಗೆ ಪರಿಮಳ ಅಲ್ಲಿ ಕಳೆದೇಹೋಗುತ್ತದೆ. ಆ ಪರಿಮಳವೇ ಸ್ವಂತ ಲೇಬಲ್ಲಿನ ಬಂಡವಾಳ.

ದೊಡ್ಡ ಕಂಪನಿಯೊಳಗೆ ಕಲಿಯುವ ಪಾಠ ಒಂದಿದೆ: ಗಿರಾಕಿ ಮೊದಲು ಗುರುತಿಸುವುದು ಬಣ್ಣ, ಬಾಟಲಿಯ ಆಕಾರ, ಹೆಸರು ಓದುವುದು ಆಮೇಲೆ. ಹಂಗಾಮಿಗೊಮ್ಮೆ ಲೇಬಲ್ ಬದಲಿಸಬೇಡಿ. ಉಪ್ಪುನೀರು ಜಿನುಗಿದರೆ ಕಾಗದದ ಲೇಬಲ್ ಸುಕ್ಕುಗಟ್ಟಿ ಏಳುತ್ತದೆ. ಪ್ಲಾಸ್ಟಿಕ್ ಲೇಬಲ್, ಮುಚ್ಚಳದೊಳಗೆ ಸೀಲ್ ಹಾಕಿ.

ಮಿಡಿ ಹೆಚ್ಚು, ಕೈ ಕಡಿಮೆ ಇದ್ದರೆ ಕಂಪನಿಗೆ ಕೊಡಿ. ಮಿಡಿ ಕಡಿಮೆಯಾದರೂ ಒಳ್ಳೆಯ ಮರ, ಕಾಯಂ ಗಿರಾಕಿ ಇದ್ದರೆ ಸ್ವಂತ ಹೆಸರು ಹಾಕಿ.