ಹಿಮ್ಮಡಿ ಬಿರುಕಿಗೆ ಶೇಕಡ 25ರ ಯೂರಿಯಾ ಕ್ರೀಮ್: ಒಂದು ವಿಮರ್ಶೆ

ಒಡೆದ ಹಿಮ್ಮಡಿಗೆಂದು ಮಾರಾಟವಾಗುವ ಮುಲಾಮುಗಳಲ್ಲಿ ಹಲವು ಮೇಣ, ಎಣ್ಣೆ ಮತ್ತು ಸುಗಂಧ ಬೆರೆತ ಜಿಡ್ಡುಗಳಷ್ಟೇ. ನಾನು ಬಳಸಿ ನೋಡಿದ ಈ ಕ್ರೀಮಿನ ಮುಖ್ಯ ದ್ರವ್ಯ ಯೂರಿಯಾ, ಅದೂ ಶೇಕಡ 25ರಷ್ಟು. ಜೊತೆಗೆ ಗ್ಲಿಸರಿನ್ ಮತ್ತು ಸ್ವಲ್ಪ ಲ್ಯಾಕ್ಟಿಕ್ ಆಮ್ಲವಿದೆ, ಸುಗಂಧವಿಲ್ಲ. ಇಂಥದೇ ಮಿಶ್ರಣ ಬೇರೆ ಬೇರೆ ಹೆಸರುಗಳಲ್ಲಿ ದೊರೆಯುವುದರಿಂದ, ತಯಾರಕರ ಹೆಸರನ್ನು ಬದಿಗಿಟ್ಟು ಟ್ಯೂಬಿನ ಒಳಗಿರುವುದರ ಬಗ್ಗೆಯೇ ಬರೆಯುತ್ತೇನೆ.

ಹಿಮ್ಮಡಿ ಏಕೆ ಒಡೆಯುತ್ತದೆ ಎಂಬುದನ್ನು ತಿಳಿಯದೆ ಈ ಕ್ರೀಮಿನ ಬೆಲೆ ಕಟ್ಟಲಾಗದು. ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳು ಹೇರಳವಾಗಿದ್ದರೂ ಜಿಡ್ಡನ್ನು ಸ್ರವಿಸುವ ಗ್ರಂಥಿಗಳು ಇಲ್ಲವೇ ಇಲ್ಲ; ಹಾಗಾಗಿ ಅಲ್ಲಿನ ಚರ್ಮ ಬೇಗನೆ ಒಣಗುತ್ತದೆ. ಹೆಜ್ಜೆ ಊರಿದಾಗ ಹಿಮ್ಮಡಿಯ ಅಡಿಯಲ್ಲಿರುವ ಕೊಬ್ಬಿನ ಮೆತ್ತೆ ಮೈಭಾರಕ್ಕೆ ಪಕ್ಕಕ್ಕೆ ಹರಡಿಕೊಳ್ಳುತ್ತದೆ. ಮೆದುವಾದ ಚರ್ಮ ಅದರೊಂದಿಗೆ ಹಿಗ್ಗುತ್ತದೆ, ಒಣಗಿ ಜಡ್ಡುಗಟ್ಟಿದ ಚರ್ಮ ಹಿಗ್ಗಲಾರದೆ ಅಂಚಿನಲ್ಲಿ ಸೀಳುತ್ತದೆ. ಹಿಂಬದಿ ತೆರೆದಿರುವ ಚಪ್ಪಲಿ, ಗಟ್ಟಿ ನೆಲದ ಮೇಲೆ ಗಂಟೆಗಟ್ಟಲೆ ನಿಲ್ಲುವ ಕೆಲಸ, ಹೆಚ್ಚಿದ ದೇಹತೂಕ, ಒಣ ಹವೆ, ಬಿಸಿನೀರಿನಲ್ಲಿ ಬಹಳ ಹೊತ್ತು ಕಾಲು ನೆನೆಸುವ ಅಭ್ಯಾಸ ಇವೆಲ್ಲ ಒಂದಕ್ಕೊಂದು ಕೂಡಿಕೊಂಡು ಬಿರುಕನ್ನು ಆಳಗೊಳಿಸುತ್ತವೆ.

ಇಲ್ಲಿಯೇ ಯೂರಿಯಾದ ಗುಣ ಕೆಲಸಕ್ಕೆ ಬರುತ್ತದೆ. ಆರೋಗ್ಯವಂತ ಚರ್ಮದ ಹೊರಪದರದಲ್ಲಿ ನೀರನ್ನು ಹಿಡಿದಿಡುವ ಸಹಜ ದ್ರವ್ಯಗಳಲ್ಲಿ ಯೂರಿಯಾವೂ ಒಂದು. ಶೇಕಡ 10ರ ಆಸುಪಾಸಿನಲ್ಲಿ ಅದು ಮುಖ್ಯವಾಗಿ ತೇವವನ್ನು ಹಿಡಿದಿಡುತ್ತದೆ. ಶೇಕಡ 20ನ್ನು ದಾಟಿದ ಮೇಲೆ ಸತ್ತ ಚರ್ಮದ ಕೆರಾಟಿನ್ (ಚರ್ಮವನ್ನು ಗಡುಸಾಗಿಸುವ ಪ್ರೋಟೀನ್) ಪದರಗಳನ್ನೂ ಸಡಿಲಗೊಳಿಸುತ್ತದೆ. ಬರೀ ಜಿಡ್ಡು ಹಚ್ಚಿದರೆ ಜಡ್ಡು ಹಾಗೆಯೇ ಉಳಿದು ಮೇಲೆ ಮಾತ್ರ ಹೊಳಪು ಬರುವುದಕ್ಕೂ, ಈ ಕ್ರೀಮಿನಿಂದ ಜಡ್ಡೇ ತೆಳುವಾಗುವುದಕ್ಕೂ ಇರುವ ಅಂತರ ಇದೇ. ಸ್ನಾನವಾದ ಮೇಲೆ ಕಾಲನ್ನು ಒರೆಸಿ, ಚರ್ಮದಲ್ಲಿ ಇನ್ನೂ ತುಸು ಪಸೆಯಿರುವಾಗ ಹಚ್ಚಿದರೆ ಇದು ಚೆನ್ನಾಗಿ ಹಿಡಿಯುತ್ತದೆ. ಮೊದಲು ಬದಲಾಗುವುದು ಬಿರುಕಿನ ದಡ: ಕಾಲುಚೀಲದ ನೂಲಿಗೂ ಹೊದಿಕೆಗೂ ಸಿಕ್ಕಿಕೊಳ್ಳುತ್ತಿದ್ದ ಗಡಸು ಅಂಚು ಮೆತ್ತಗಾಗುತ್ತದೆ, ಅದರ ಹಳದಿ ಬಣ್ಣ ತಿಳಿಯಾಗುತ್ತದೆ, ಉಜ್ಜುವ ಕಲ್ಲಿನಿಂದ ಹಗುರವಾಗಿ ತಿಕ್ಕಿದರೂ ಬಿಳಿಯ ಪುಡಿಯಾಗಿ ಉದುರುತ್ತದೆ. ಬಿರುಕು ಕೂಡಿಕೊಳ್ಳುವುದು ಅದಾದ ಮೇಲೆ.

ಹೀಗಿರುವಾಗ ಪೆಟ್ಟಿಗೆಯ ಮೇಲೆ "ಒಂದೇ ರಾತ್ರಿಯಲ್ಲಿ ನಯವಾದ ಪಾದ" ಎಂದು ಅಚ್ಚು ಹಾಕಿಸಿರುವುದು ತಪ್ಪು. ಚರ್ಮದ ಹೊರಪದರ ಹೊಸದಾಗುವುದಕ್ಕೇ ಸುಮಾರು ಒಂದು ತಿಂಗಳು ಬೇಕು. ರಾತ್ರಿ ಕಳೆದರೂ ಫಲ ಕಾಣದೆ ಟ್ಯೂಬನ್ನು ಮೂಲೆಗೆ ಎಸೆಯುವವರನ್ನು ಸೃಷ್ಟಿಸುವುದು ಇಂಥ ಮಾತುಗಳೇ. ಇನ್ನೊಂದು ಕೊರತೆಯೆಂದರೆ, ಈ ಕ್ರೀಮ್ ನೀರನ್ನು ಹಿಡಿಯುತ್ತದೆಯೇ ಹೊರತು ಅದು ಆರಿಹೋಗದಂತೆ ಮುಚ್ಚುವಷ್ಟು ಜಿಡ್ಡು ಇದರಲ್ಲಿಲ್ಲ. ಮಲಗುವ ಮುನ್ನ ಇದರ ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ ಹತ್ತಿಯ ಕಾಲುಚೀಲ ಹಾಕಿಕೊಂಡರೆ ಪರಿಣಾಮ ಸ್ಪಷ್ಟವಾಗಿ ಹೆಚ್ಚುತ್ತದೆ. ಆದರೆ ಒಳಗಿನ ಚೀಟಿಯಲ್ಲಿ ಆ ಸಲಹೆ ಇಲ್ಲ. ಜಿಡ್ಡು ಹಚ್ಚಿದ ಬರಿಗಾಲಲ್ಲಿ ನೆಲದ ಮೇಲೆ ಓಡಾಡಿದರೆ ಜಾರಿ ಬೀಳಬಹುದು ಎಂಬ ಎಚ್ಚರಿಕೆಯೂ ಇಲ್ಲ. ವಯಸ್ಸಾದವರಿರುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ರಕ್ತ ಜಿನುಗುವ ಬಿರುಕಿಗೆ ತಗುಲಿದರೆ ಜೋರಾಗಿ ಉರಿಯುತ್ತದೆ. ಅಂಥ ಸೀಳನ್ನು ಶುಚಿ ಮಾಡಿ, ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಪಟ್ಟಿ ಕಟ್ಟಿ ಮಾಯಲು ಬಿಡಬೇಕು. ಅಲ್ಲಿಯವರೆಗೆ ಕ್ರೀಮನ್ನು ಸುತ್ತಲಿನ ಜಡ್ಡಿಗೆ ಮಾತ್ರ ಹಚ್ಚುವುದು ಮೇಲು.

ನನಗೆ ನಿಜಕ್ಕೂ ಬೇಸರ ತರಿಸಿದ್ದು ಚೀಟಿಯಲ್ಲಿ ಮಧುಮೇಹದ ಮಾತೇ ಇಲ್ಲದಿರುವುದು. ಮಧುಮೇಹದಿಂದ ನರಗಳು ಹಾಳಾದಾಗ ಪಾದದ ಬೆವರು ಕಡಿಮೆಯಾಗಿ ಚರ್ಮ ಒಣಗುತ್ತದೆ, ಅದರ ಜೊತೆಗೆ ನೋವಿನ ಅರಿವೂ ಕುಗ್ಗುತ್ತದೆ. ಬಿರುಕು ಆಳವಾಗಿ ಸೋಂಕು ತಗುಲಿದರೂ ಗೊತ್ತಾಗದೆ ಹೋಗಬಹುದು, ಅದು ಹುಣ್ಣಾಗಿ ಬೆಳೆಯಬಹುದು. ಅಂಥವರು ಯಾವ ಕ್ರೀಮನ್ನಾದರೂ ವೈದ್ಯರನ್ನು ಕೇಳಿಯೇ ಬಳಸಬೇಕು, ದಿನವೂ ಪಾದವನ್ನು ನೋಡಿಕೊಳ್ಳಬೇಕು, ಬ್ಲೇಡಿನಿಂದ ಜಡ್ಡನ್ನು ಕೆರೆಯಲೇಬಾರದು. ಶಿಲೀಂಧ್ರದ ಸೋಂಕಿನ ವಿಷಯದಲ್ಲಿಯೂ ಚೀಟಿ ಮೌನವಾಗಿದೆ. ಅಂಗಾಲಿನ ಗೆರೆಗಳಲ್ಲಿ ಹಿಟ್ಟು ಉದುರಿಸಿದಂತೆ ಬಿಳಿಯ ಹೊಟ್ಟು ಕಾಣುವುದು, ಬೆರಳುಗಳ ಸಂದಿಯಲ್ಲಿ ಚರ್ಮ ಸುಲಿಯುವುದು, ಉಗುರು ದಪ್ಪವಾಗುವುದು ಇಂಥ ಲಕ್ಷಣಗಳಿದ್ದರೆ ಯೂರಿಯಾ ಮೇಲಿನ ಹೊಟ್ಟನ್ನು ಇಳಿಸೀತೇ ಹೊರತು ಸೋಂಕನ್ನು ಕೊಲ್ಲಲಾರದು. ಥೈರಾಯ್ಡ್ ಕೊರತೆ, ಸೋರಿಯಾಸಿಸ್, ಇಸುಬುಗಳಲ್ಲಿಯೂ ಮೂಲ ಕಾಯಿಲೆಗೆ ಚಿಕಿತ್ಸೆ ಬೇಕೇ ಬೇಕು.

ಬೇರೆ ಕಾಯಿಲೆಯಿಲ್ಲದೆ ಒಣಗಿ, ಜಡ್ಡುಗಟ್ಟಿ, ಅಂಚಿನಲ್ಲಿ ಒಡೆದ ಹಿಮ್ಮಡಿಗೆ ಈ ಕ್ರೀಮನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಬಿರುಕು ಕೂಡಿಕೊಂಡ ನಂತರವೂ ಇಷ್ಟು ಪ್ರಬಲವಾದುದನ್ನು ದಿನವೂ ಹಚ್ಚುತ್ತಿದ್ದರೆ ತೆಳುವಾದ ಚರ್ಮ ಕೆರಳಬಹುದು. ಆಗ ಶೇಕಡ 10ರ ಯೂರಿಯಾ ಲೋಷನ್ನಿಗೆ ಇಳಿದು, ಹಿಮ್ಮಡಿಯನ್ನು ಹಿಂದಿನಿಂದ ಹಿಡಿದಿಡುವ ಪಾದರಕ್ಷೆಯನ್ನು ಮೆಟ್ಟುವುದು ಒಳ್ಳೆಯದು.